ಮಟ್ಟು ಮೊದಲೋ, ಮಾತು ಮೊದಲೋ: ಫ್ಯಾನಿ ಕ್ರಾಸ್ಬಿ ಮತ್ತು ಸುವಾರ್ತಾ ಗೀತೆಗಳ ಕರ್ತೃತ್ವ

ಹದಿನೆಂಟನೆಯ ಶತಮಾನದ ಇಂಗ್ಲಿಷ್ ಕೀರ್ತನೆಗಳಲ್ಲಿ ಮಾತಿಗೂ ಮಟ್ಟಿಗೂ ಖಾಯಂ ನಂಟಿರಲಿಲ್ಲ. ಐಸಾಕ್ ವಾಟ್ಸ್ ಅವರಂಥ ಕವಿಗಳು 8-6-8-6 ಅಕ್ಷರಗಳ ಅಳತೆಯಲ್ಲಿ ಪದ್ಯ ಬರೆದರೆ, ಅದೇ ಅಳತೆಯ ಯಾವ ಮಟ್ಟಿಗಾದರೂ ಸಭೆಯವರು ಅದನ್ನು ಹಾಡಿಕೊಳ್ಳಬಹುದಿತ್ತು. ಜಾನ್ ನ್ಯೂಟನ್ ಅವರ 'ಅಮೇಜಿಂಗ್ ಗ್ರೇಸ್' 1779ರಲ್ಲಿ 'ಆಲ್ನಿ ಹಿಮ್ಸ್' ಸಂಗ್ರಹದಲ್ಲಿ ಅಚ್ಚಾಯಿತು. ಇಂದು ಎಲ್ಲರಿಗೂ ಪರಿಚಿತವಾಗಿರುವ ಮಟ್ಟು ಅದಕ್ಕೆ ಜೊತೆಯಾದದ್ದು 1835ರಲ್ಲಿ, ವಿಲಿಯಂ ವಾಕರ್ ಅವರ 'ಸದರ್ನ್ ಹಾರ್ಮನಿ'ಯಲ್ಲಿ. ಅಷ್ಟು ಹೊತ್ತಿಗೆ ನ್ಯೂಟನ್ ತೀರಿಕೊಂಡು ಇಪ್ಪತ್ತೇಳು ವರ್ಷ ದಾಟಿತ್ತು.

ಅಮೆರಿಕದ ಅಂತರ್ಯುದ್ಧದ ಕಾಲದಿಂದ ಈಚೆಗೆ ಬೆಳೆದ ಸುವಾರ್ತಾ ಗೀತೆಗಳ ಬಗೆ ಬೇರೆ. ಅವು ಭಾನುವಾರದ ಶಾಲೆಗಳಿಗೆ, ದೊಡ್ಡ ಪ್ರಚಾರಸಭೆಗಳಿಗೆ ಎಂದೇ ಸಿದ್ಧವಾದವು. ಒಮ್ಮೆ ಕೇಳಿದರೆ ನಾಲಿಗೆಗೆ ಬರುವ ಪಲ್ಲವಿ, ಚರಣದ ಜೊತೆಯಲ್ಲೇ ಅಚ್ಚಾಗುತ್ತಿದ್ದ ಸ್ವರಲಿಪಿ, ಅದರ ಕೆಳಗೆ ಪ್ರಕಾಶಕರ ಹಕ್ಕುಸ್ವಾಮ್ಯದ ಸಾಲು: ಇಲ್ಲಿ ಮಾತು ಮತ್ತು ಮಟ್ಟು ಒಂದೇ ಸರಕು. ಹಾಗಿದ್ದೂ ಈ ಗೀತೆಗಳ ಚರಿತ್ರೆಯನ್ನು ನಾವು ಬಹುಪಾಲು ಕವಿಗೆ ಒದಗಿದ ಸ್ಫೂರ್ತಿಯ ಕಥೆಗಳಾಗಿಯೇ ಓದುತ್ತ ಬಂದಿದ್ದೇವೆ. ಆ ಕಥೆಗಳು ಒಂದು ದೊಡ್ಡ ಕಸುಬುದಾರಿಕೆಯನ್ನು ಮರೆಮಾಡಿವೆ ಎಂಬುದು ಈ ಲೇಖನದ ವಾದ.

ಫ್ಯಾನಿ ಕ್ರಾಸ್ಬಿ (1820–1915) ಇದಕ್ಕೆ ಅತ್ಯುತ್ತಮ ನಿದರ್ಶನ. ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದ ಆಕೆ ಹಸುಳೆಯಾಗಿದ್ದಾಗಲೇ ದೃಷ್ಟಿ ಕಳೆದುಕೊಂಡರು. ನ್ಯೂಯಾರ್ಕ್‌ನ ಅಂಧರ ಶಾಲೆಯಲ್ಲಿ ಓದಿ, ಮುಂದೆ ಅಲ್ಲಿಯೇ ಪಾಠ ಹೇಳಿದರು. 1844ರಲ್ಲಿ ಮೊದಲ ಕವನ ಸಂಕಲನ ಬಂತು. 1850ರ ದಶಕದಲ್ಲಿ ಜಾರ್ಜ್ ರೂಟ್ ಅವರ ಸ್ವರಗಳಿಗೆ ಲೌಕಿಕ ಹಾಡುಗಳನ್ನು ಕಟ್ಟಿದರು. ಈ ಘಟ್ಟವನ್ನು ಭಕ್ತಿಪರ ಜೀವನಚರಿತ್ರೆಗಳು ಒಂದೆರಡು ವಾಕ್ಯಗಳಲ್ಲಿ ದಾಟಿಬಿಡುತ್ತವೆ. ನನಗಾದರೋ ಇದೇ ಮುಖ್ಯವಾಗಿ ಕಾಣುತ್ತದೆ. ಬೇರೆಯವರು ಮಾಡಿಟ್ಟ ಮಟ್ಟಿನ ಏರಿಳಿತ ಕೇಳಿ, ಉಸಿರು ನಿಲ್ಲುವ ಕಡೆ ಅರ್ಥವನ್ನೂ ನಿಲ್ಲಿಸುವ ವಿದ್ಯೆ ಆಕೆಗೆ ಕರಗತವಾದದ್ದು ಇಲ್ಲಿ. 1864ರಲ್ಲಿ ವಿಲಿಯಂ ಬ್ರಾಡ್ಬರಿ ಅವರಿಗಾಗಿ ಕೀರ್ತನೆ ಬರೆಯತೊಡಗಿದಾಗ ಕ್ರಾಸ್ಬಿ ಹೊಸಬರಾಗಿರಲಿಲ್ಲ, ಪಳಗಿದ ಪದಕಾರ್ತಿಯಾಗಿದ್ದರು.

1868ರ ಪ್ರಸಂಗವೊಂದು ಪ್ರಸಿದ್ಧವಾಗಿದೆ. ಸಿನ್ಸಿನಾಟಿಯಲ್ಲಿ ಮರಗೆಲಸದ ಯಂತ್ರಗಳ ಕಾರ್ಖಾನೆ ನಡೆಸುತ್ತಿದ್ದ ಸಂಗೀತಕಾರ ವಿಲಿಯಂ ಡೋನ್ ರೈಲಿಗೆ ನಲವತ್ತು ನಿಮಿಷವಿರುವಾಗ ಬಂದು ಒಂದು ಮಟ್ಟು ನುಡಿಸಿದರು. ರೈಲು ಹೊರಡುವ ಮೊದಲೇ 'ಸೇಫ್ ಇನ್ ದಿ ಆರ್ಮ್ಸ್ ಆಫ್ ಜೀಸಸ್' ಸಿದ್ಧವಾಗಿತ್ತು. ಇದನ್ನು ಪವಾಡವೆಂಬಂತೆ ಹೇಳುವುದು ರೂಢಿ. ಮಗುವೊಂದನ್ನು ಕಳೆದುಕೊಂಡಿದ್ದ ಕ್ರಾಸ್ಬಿ ಅವರ ತಾಯ್ತನದ ಅಳಲು ಆ ಹಾಡಿನ ಸಾಂತ್ವನದಲ್ಲಿ ಬೆರೆತಿರಬಹುದು. ಆದರೆ ಆ ನಲವತ್ತು ನಿಮಿಷಗಳ ಹಿಂದೆ ಹದಿನೈದು ವರ್ಷಗಳಿಗೂ ಮಿಕ್ಕ ಸಾಧನೆ ಇತ್ತು ಎಂಬುದನ್ನು ಮರೆಯಬಾರದು.

ಬರಹದ ಒಳಗಿನ ಸಾಕ್ಷ್ಯ ಸಿಗುವುದು 1873ರ 'ಬ್ಲೆಸೆಡ್ ಅಶೂರೆನ್ಸ್'ನಲ್ಲಿ. ಇದರ ಮಟ್ಟು ಫೀಬಿ ನ್ಯಾಪ್ (1839–1908) ಅವರದು. ಆಕೆ ಅದನ್ನು ಮೊದಲು ನುಡಿಸಿದರು, ಕ್ರಾಸ್ಬಿ ಆಮೇಲೆ ಮಾತು ಕೊಟ್ಟರು. ಚರಣದ ಅಳತೆ 9-10-9-9. ವಾಟ್ಸ್ ಪರಂಪರೆಯ ಸಿದ್ಧ ಛಂದಸ್ಸುಗಳಲ್ಲಿ ಇಂಥದೊಂದು ವಾಡಿಕೆಯಲ್ಲಿಲ್ಲ. ಒಂಬತ್ತು-ಎಂಟರ ತೂಗುವ ತಾಳವೇ ಸಾಲನ್ನು ಹೀಗೆ ಹಿಗ್ಗಿಸಿದೆ. ಮಾತನ್ನು ಆ ಮಟ್ಟಿನಿಂದ ಬೇರ್ಪಡಿಸಿ ಇನ್ನೊಂದಕ್ಕೆ ಕೂರಿಸುವುದು ಕಷ್ಟ. ಹಾಗಾಗಿ ಇದು ಕ್ರಾಸ್ಬಿ ಅವರದೆಂದು ಮಾತ್ರ ಹೇಳಿದರೆ ನ್ಯಾಪ್ ಅವರಿಗೆ ಅನ್ಯಾಯವಾಗುತ್ತದೆ. ಹೆಣ್ಣುಮಕ್ಕಳು ರಚಿಸಿದ ಮಟ್ಟುಗಳು ವಿರಳವಾಗಿದ್ದ ಕಾಲದಲ್ಲಿ ಆ ಅನ್ಯಾಯ ಇನ್ನೂ ದೊಡ್ಡದು.

ಹುಟ್ಟಿನ ಕಥೆಗಳ ಆಕರವನ್ನೂ ಪರೀಕ್ಷಿಸಬೇಕು. ಅವುಗಳಲ್ಲಿ ಅನೇಕವು ಗಾಯಕ ಐರಾ ಸ್ಯಾಂಕಿ ಅವರ ನೆನಪಿನ ಪುಸ್ತಕದಿಂದ ಬಂದವು. ಅದರ ಮೊದಲ ಹಸ್ತಪ್ರತಿ ಬ್ಯಾಟಲ್ ಕ್ರೀಕ್‌ನ ಬೆಂಕಿಯಲ್ಲಿ ಸುಟ್ಟುಹೋಯಿತು; ಮುಪ್ಪಿನಲ್ಲಿ, ಕಣ್ಣು ಕಾಣದಾದಾಗ, ಅವರು ಅದನ್ನು ನೆನಪಿನಿಂದ ಮತ್ತೆ ಕಟ್ಟಿದರು. ಅಂಥ ನೆನಪನ್ನು ಗೌರವಿಸುತ್ತಲೇ ಬೇರೆ ಆಕರಗಳೊಡನೆ ಹೋಲಿಸಬೇಕಾಗುತ್ತದೆ. ಕೆಲವೊಮ್ಮೆ ಜನಜನಿತ ಕಥೆಗಿಂತ ಸ್ಯಾಂಕಿ ಅವರ ಮಾತೇ ಹೆಚ್ಚು ಎಚ್ಚರದ್ದು. 'ಇಟ್ ಈಸ್ ವೆಲ್ ವಿತ್ ಮೈ ಸೋಲ್' ಬರೆದ ಹೊರೇಷಿಯೋ ಸ್ಪ್ಯಾಫರ್ಡ್ ಅವರ ನಾಲ್ವರು ಹೆಣ್ಣುಮಕ್ಕಳು 1873ರ ನವೆಂಬರ್‌ನಲ್ಲಿ 'ವಿಲ್ ದು ಹಾವ್ರ್' ಹಡಗು ಮುಳುಗಿ ಸತ್ತರು. ಬದುಕುಳಿದ ಹೆಂಡತಿಯನ್ನು ಸೇರಿಕೊಳ್ಳಲು ಹೊರಟಾಗ, ಆ ಕಡಲಿನ ಮೇಲೆಯೇ ಹಾಡು ಹುಟ್ಟಿತೆಂದು ಎಲ್ಲೆಡೆ ಹೇಳುತ್ತಾರೆ. ಸ್ಯಾಂಕಿ ಹೇಳುವುದು ಬೇರೆ: 1876ರಲ್ಲಿ, ತಾವು ಷಿಕಾಗೋದ ಅವರ ಮನೆಯಲ್ಲಿ ಅತಿಥಿಯಾಗಿದ್ದಾಗ ಬರೆದರು. ಮೂರು ವರ್ಷ ಮಾಗಿದ ದುಃಖವೆಂದು ಒಪ್ಪಿದರೆ ಆ ಗೀತೆ ಕಿರಿದಾಗುವುದಿಲ್ಲ. ಅದರ ನಿಲುವಿನ ಸ್ಥೈರ್ಯಕ್ಕೆ ಇನ್ನಷ್ಟು ಒಪ್ಪುವ ವಿವರಣೆ ಸಿಗುತ್ತದೆ. ಮಟ್ಟು ಹಾಕಿದ ಫಿಲಿಪ್ ಬ್ಲಿಸ್ 1876ರ ಡಿಸೆಂಬರ್ 29ರಂದು ಆಷ್ಟಬ್ಯೂಲ ಸೇತುವೆಯ ರೈಲು ದುರಂತದಲ್ಲಿ ತೀರಿಕೊಂಡರು. ಆ ಮಟ್ಟಿನ ಹೆಸರು ಮುಳುಗಿದ ಹಡಗಿನದೇ.

ಮತ್ತೆ ಕ್ರಾಸ್ಬಿ ಅವರಿಗೆ ಬಂದರೆ, ಆಕೆ ಬರೆದ ಕೀರ್ತನೆಗಳು ಎಂಟು ಸಾವಿರಕ್ಕೂ ಹೆಚ್ಚು ಎಂಬ ಎಣಿಕೆ ಇದೆ. ಒಂದಕ್ಕೆ ಸಿಗುತ್ತಿದ್ದದ್ದು ಒಂದೆರಡು ಡಾಲರ್. ಹಕ್ಕು ಮಟ್ಟಿನವರ, ಪ್ರಕಾಶಕರ ಪಾಲಾಗುತ್ತಿತ್ತು. ಪುಸ್ತಕದ ತುಂಬ ಒಬ್ಬರದೇ ಹೆಸರು ಕಾಣಬಾರದೆಂದು ಸುಮಾರು ಇನ್ನೂರು ಬೇರೆ ಬೇರೆ ಹೆಸರುಗಳನ್ನು ಬಳಸಲಾಯಿತು. ಹೀಗಾಗಿ ಆ ಕಾಲದ ಸಂಗ್ರಹಗಳಲ್ಲಿ ಮುಖಪರಿಚಯವಿಲ್ಲದ ಕವಯಿತ್ರಿಯ ಹೆಸರು ಕಂಡಾಗ, ಅದು ಕ್ರಾಸ್ಬಿ ಅವರದೇ ಇನ್ನೊಂದು ಹೆಸರೇ ಎಂದು ಮೊದಲು ನೋಡಬೇಕು.

ಮಟ್ಟು ಸಿಗದ ಮಾತುಗಳ ಗತಿ ಏನಾಯಿತು? ಆಕೆಯ ಪ್ರಕಾಶಕರಾದ ಬಿಗ್ಲೋ ಅಂಡ್ ಮೇನ್ ಸಂಸ್ಥೆಯನ್ನು ಮುಂದೆ ಹೋಪ್ ಪಬ್ಲಿಷಿಂಗ್ ಕೊಂಡಿತು. ಆ ಸರಕಿನೊಡನೆ ಅಚ್ಚಾಗದ ಕೀರ್ತನೆಗಳ ಹಸ್ತಪ್ರತಿಗಳ ರಾಶಿಯೂ ಬಂತು. ಅವುಗಳಿಂದ ಆಯ್ದ 120 ರಚನೆಗಳನ್ನು ಡೊನಾಲ್ಡ್ ಹುಸ್ಟಾಡ್ 1977ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಹಾಡಾದವುಗಳ ಪಕ್ಕದಲ್ಲಿ ಇವನ್ನಿಟ್ಟು ಸಾಲಿನ ಅಳತೆ, ಪಲ್ಲವಿಯ ಜಾಗ, ಉಸಿರಿನ ನಿಲುಗಡೆಗಳನ್ನು ಹೋಲಿಸಿದರೆ, ಡೋನ್ ಮತ್ತು ನ್ಯಾಪ್ ಅವರ ಮಟ್ಟುಗಳು ಕ್ರಾಸ್ಬಿ ಅವರ ಪದ್ಯಕ್ಕೆ ಏನು ಕೊಟ್ಟವು, ಅದರಿಂದ ಏನನ್ನು ಪಡೆದವು ಎಂಬುದನ್ನು ಸಾಲುಸಾಲಾಗಿ ತೋರಿಸಲು ಸಾಧ್ಯ.