ಗುಜರಿಗೆ ಹೋಗದೆ ಉಳಿದ ಜಾವಾ

ನಿಮ್ಮೂರಲ್ಲೂ ಒಂದು ಇದ್ದೀತು. ಕೊಟ್ಟಿಗೆ ಮೂಲೆಯಲ್ಲಿ ಗೋಣಿಚೀಲ ಹೊದ್ದು, ಕೋಳಿ ಕೂರುವ ಜಾಗವಾಗಿ ನಿಂತ ಜಾವಾ, ಇಲ್ಲವೇ ಯೆಜ್ಡಿ. ಅಪ್ಪನದೋ ತಾತನದೋ. ಈಗೀಗ ಅದನ್ನು ಹುಡುಕಿಕೊಂಡು ಪೇಟೆಯಿಂದ ಜನ ಬರುತ್ತಾರೆ. ಬಂದವರು ಗಾಡಿ ಮುಟ್ಟುವ ಮೊದಲೇ ಕೇಳುವುದು ಒಂದೇ ಮಾತು: ‘ಆರ್‌ಸಿ ಬುಕ್ ಇದೆಯಾ ಅಣ್ಣ?’ ಯಾಕೆ ಹಾಗೆ ಕೇಳುತ್ತಾರೆ ಅಂತ ತಿಳಿಯಲು ಈ ಗಾಡಿಯ ಕಥೆಯನ್ನು ಸ್ವಲ್ಪ ಹಿಂದಿನಿಂದ ನೋಡಬೇಕು.

ಹಳೇ ಗಾಡಿ ಸಾಕುವ ಶೋಕಿ ಅಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಕಾರು. ಮೈಸೂರು ಅರಮನೆಯ ರೋಲ್ಸ್ ರಾಯ್ಸ್‌ಗಳು, ಕಾಫಿ ತೋಟದ ಸಾಹುಕಾರರ ಮನೆಯ ಕಾರುಗಳು. ಬೆಂಗಳೂರಿನಲ್ಲಿ ಅದಕ್ಕೆಂದೇ ಕರ್ನಾಟಕ ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಇದೆ. ಧರ್ಮಸ್ಥಳಕ್ಕೆ ಹೋದವರು ವೀರೇಂದ್ರ ಹೆಗ್ಗಡೆಯವರು ಸಂಗ್ರಹಿಸಿದ ಕಾರುಗಳನ್ನು ನೋಡಿರುತ್ತೀರಿ. ಶ್ರೀರಂಗಪಟ್ಟಣದ ಹತ್ತಿರ ‘ಪಯಣ’ ಎಂಬ ದೊಡ್ಡ ಮ್ಯೂಸಿಯಂ ಕೂಡ ಈಗ ಅವರದೇ. ನೋಡಲು ಚಂದ, ಮಕ್ಕಳಿಗಂತೂ ಹಬ್ಬ. ಆದರೆ ಅಂಥ ಕಾರಿನಲ್ಲಿ ನಮ್ಮ ಮನೆಯವರು ಯಾರೂ ಕೂತಿದ್ದಿಲ್ಲ. ನಾವು ಕೂತಿದ್ದು ಜಾವಾದ ಪೆಟ್ರೋಲ್ ಟ್ಯಾಂಕಿನ ಮೇಲೆ. ಹಾಗಾಗಿ ನನ್ನ ಲೆಕ್ಕದಲ್ಲಿ ಕರ್ನಾಟಕದ ಹಳೇ ಗಾಡಿಯ ಚರಿತ್ರೆ ಅಂದರೆ ಮೊದಲು ಜಾವಾದ್ದೇ.

ಹೆಸರು ಮಾತ್ರ ನಮ್ಮದಲ್ಲ. 1929ರಲ್ಲಿ ಪ್ರಾಗ್ ನಗರದ ಯಾನೆಚೆಕ್ ಎಂಬುವರು ವಾಂಡರರ್ ಎಂಬ ಜರ್ಮನ್ ಕಂಪನಿಯ ಬೈಕಿನ ವಿನ್ಯಾಸ ಕೊಂಡರು. ಎರಡೂ ಹೆಸರಿನ ಮೊದಲ ಎರಡೆರಡು ಅಕ್ಷರ ಸೇರಿ ಜಾವಾ ಆಯಿತು. ಸ್ವಾತಂತ್ರ್ಯ ಬಂದ ಮೇಲೆ ಹೊರದೇಶದ ಗಾಡಿ ತರಿಸುವುದಕ್ಕೆ ನಮ್ಮ ಸರ್ಕಾರ ಕಡಿವಾಣ ಹಾಕಿತು. ಆಗ ರುಸ್ತುಂ ಇರಾನಿ, ಫರೂಕ್ ಇರಾನಿ ಸೇರಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಫ್ಯಾಕ್ಟರಿ ಕಟ್ಟಿದರು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಜಯಚಾಮರಾಜೇಂದ್ರ ಒಡೆಯರ್. ಆಗ ಅವರು ಮೈಸೂರು ರಾಜ್ಯದ ರಾಜ್ಯಪಾಲರು.

ಹಳ್ಳಿಯವರಿಗೆ ಇದು ಹಿಡಿಸಿದ್ದು ಅಂದಕ್ಕಲ್ಲ. ಟೂ ಸ್ಟ್ರೋಕ್ ಎಂಜಿನ್, ಅದರೊಳಗೆ ವಾಲ್ವ್ ಇಲ್ಲ, ಕೆಡುವ ಸಾಮಾನೇ ಕಡಿಮೆ. ನಾಲ್ಕು ಸ್ಪ್ಯಾನರ್ ಇದ್ದವನು ಮರದ ನೆರಳಲ್ಲಿ ಬಿಚ್ಚಿ ಜೋಡಿಸಬಹುದಿತ್ತು. ಕಿಕ್ಕರೂ ಗೇರೂ ಒಂದೇ ಲಿವರ್: ಒದ್ದು ಸ್ಟಾರ್ಟ್ ಮಾಡಿ, ಅದನ್ನೇ ಮುಂದಕ್ಕೆ ತಿರುಗಿಸಿದರೆ ಗೇರ್. ಗೇರ್ ಒತ್ತಿದರೆ ಕ್ಲಚ್ ತಾನೇ ಬಿಡುತ್ತಿತ್ತು. ಪೆಟ್ರೋಲ್ ಹಾಕಿಸುವಾಗ ಅಳತೆ ನೋಡಿ ಆಯಿಲ್ ಬೆರೆಸುವುದೊಂದೇ ಜಂಜಾಟ. ಹಿಂದೆ ಎರಡು ಹಾಲಿನ ಕ್ಯಾನು, ಮಧ್ಯೆ ಹೆಂಡತಿ, ಮುಂದೆ ಮಗು ಕೂರಿಸಿಕೊಂಡು ಏರಿ ಮೇಲೆ ಹೋದವರು ಎಷ್ಟು ಜನ! ಎರಡು ಸೈಲೆನ್ಸರಿನ ಆ ಸದ್ದು ಕೇಳಿಯೇ ಯಾರು ಬಂದರು ಅಂತ ಮನೆಯವರು ಹೇಳುತ್ತಿದ್ದರು.

1973ರಿಂದ ಗಾಡಿಗೆ ಯೆಜ್ಡಿ ಅಂತ ಹೆಸರು ಬಂತು. ಇರಾನಿನ ಯಜ್ದ್ ಎಂಬ ಊರಿನ ನೆನಪಿಗೆ ಇಟ್ಟದ್ದು. 1978ರಲ್ಲಿ ರೋಡ್‌ಕಿಂಗ್ ಬಂತು. ಅಷ್ಟರಲ್ಲಿ ಕಾಲ ತಿರುಗಿತು. 1980ರ ದಶಕದ ಮಧ್ಯದಲ್ಲಿ ಇಂಡ್-ಸುಜುಕಿ, ಹೀರೋ ಹೋಂಡಾ ಬಂದವು. ಸಣ್ಣ ಎಂಜಿನ್, ಭಾರೀ ಮೈಲೇಜ್. ಪೆಟ್ರೋಲ್ ಕುಡಿಯುವ ಯೆಜ್ಡಿಯನ್ನು ಕೇಳುವವರು ಕಡಿಮೆಯಾದರು, ಹೊಗೆಯ ಕಾನೂನು ಬೇರೆ ಬಿಗಿಯಾಯಿತು. 1996ರಲ್ಲಿ ಫ್ಯಾಕ್ಟರಿ ನಿಂತಿತು. 2001ರಲ್ಲಿ ಹೈಕೋರ್ಟ್ ಕಂಪನಿಯನ್ನೇ ಮುಚ್ಚಲು ಹೇಳಿತು. ಯೆಜ್ಡಿ ಅನ್ನುವ ಹೆಸರು ಯಾರದ್ದು ಎಂಬ ವ್ಯಾಜ್ಯ ಆಮೇಲೆ ಅದೇ ಹೈಕೋರ್ಟಿಗೆ ಬಂತು, ಕಾರ್ಮಿಕರ ಸಂಘವೂ ಅದರಲ್ಲಿ ಕಕ್ಷಿ. ಗಾಡಿಯ ಅಂದಚಂದದ ಬಗ್ಗೆ ಬರೆಯುವವರು ಈ ಕಾರ್ಮಿಕರ ವಿಷಯ ಎತ್ತುವುದೇ ಇಲ್ಲ.

ಫ್ಯಾಕ್ಟರಿ ನಿಂತ ಮೇಲೆ ಸ್ಪೇರ್ ಎಲ್ಲಿಂದ? ಗುಜರಿಯಿಂದ. ಬೆಂಗಳೂರಿನಲ್ಲಿ ಅದಕ್ಕೆ ದಂಡು ಪ್ರದೇಶಕ್ಕೇ ಹೋಗಬೇಕು. ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಸತ್ತ ಗಾಡಿಯ ಅಂಗಾಂಗ ಬಿಡಿಬಿಡಿಯಾಗಿ ಸಿಗುತ್ತದೆ. ಅಲ್ಲಿಂದ ಹಲಸೂರು ದಾಟಿದರೆ ಮರ್ಫಿ ಟೌನ್. ಹಿಂದೆ ನಾಕ್ಸ್‌ಪೇಟೆ ಅಂತ ಇದ್ದದ್ದು, ಆಮೇಲೆ ಮರ್ಫಿ ಎಂಬ ಎಂಜಿನಿಯರ್ ಹೆಸರು ಪಡೆಯಿತು. ಬಂಗಲೆಯವರಿದ್ದ ಕಡೆಯಲ್ಲ, ದುಡಿಯುವವರ ಬಡಾವಣೆ. ಇಂಥ ಬೀದಿಗಳ ಮೆಕ್ಯಾನಿಕ್‌ಗಳು, ಟಿಂಕರ್‌ಗಳು, ಲೇತ್‌ನವರು, ಕ್ರೋಮ್ ಪ್ಲೇಟಿಂಗ್‌ನವರು ಇಲ್ಲದೆ ಇದ್ದರೆ ಯಾವ ಕ್ಲಬ್ಬಿಗೂ ಗಾಡಿ ಉಳಿಯುತ್ತಿರಲಿಲ್ಲ. ಸಿಗದ ಬುಷ್‌ಗೆ ಬೇರೆ ಬುಷ್ ಕಡೆದು ಕೂರಿಸುವುದು ಪುಸ್ತಕ ಓದಿ ಬರುವ ಕೆಲಸವಲ್ಲ.

ಕ್ಲಬ್ಬು ಬಂದದ್ದು ತಡವಾಗಿ. ಬೆಂಗಳೂರು ಜಾವಾ ಯೆಜ್ಡಿ ಮೋಟರ್‌ಸೈಕಲ್ ಕ್ಲಬ್ ಶುರುವಾದದ್ದು 2007ರಲ್ಲಿ. ಪ್ರತಿ ಜುಲೈ ಎರಡನೇ ಭಾನುವಾರ ಲೋಕದ ಬೇರೆಬೇರೆ ಕಡೆ ಜಾವಾ ದಿನ ಆಚರಿಸುತ್ತಾರೆ, ಇಲ್ಲೂ ಸಾಲುಸಾಲು ಗಾಡಿ ಸೇರುತ್ತವೆ. ಕ್ಲಬ್ಬಿನವರನ್ನು ಬರೀ ಶೋಕಿಲಾಲರು ಅಂತ ತಳ್ಳಿಹಾಕಲಾಗದು. ಯಾರ ಬಳಿ ಯಾವ ಸ್ಪೇರ್ ಇದೆ, ಯಾವ ಮೆಕ್ಯಾನಿಕ್ ಕೈ ಒಳ್ಳೆಯದು ಅಂತ ಒಬ್ಬರಿಗೊಬ್ಬರು ಹೇಳಿಕೊಂಡು ಎಷ್ಟೋ ಗಾಡಿ ಎಬ್ಬಿಸಿದ್ದಾರೆ. ಆದರೆ ಅವರಿಂದಲೇ ರೇಟೂ ಏರಿತು, ಏರಿದ ರೇಟು ಮೂಲ ಮಾಲೀಕನಿಗೆ ಮುಟ್ಟಿದ್ದು ಕಡಿಮೆ. ಹಳ್ಳಿಯಲ್ಲಿ ಗುಜರಿ ಲೆಕ್ಕಕ್ಕೆ ಕೊಂಡು, ಬಣ್ಣ ಹೊಡೆಸಿ, ಪೇಟೆಯಲ್ಲಿ ಹತ್ತಾರು ಪಟ್ಟು ಹೇಳುವ ದಲ್ಲಾಳಿಗಳು ಹುಟ್ಟಿಕೊಂಡರು. 2018ರಲ್ಲಿ ಮಹೀಂದ್ರ ಬೆಂಬಲದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಹೊಸ ಜಾವಾ ಬಿಟ್ಟಿತು. ಹೆಸರು ವಾಪಸ್ ಬಂತು, ಫ್ಯಾಕ್ಟರಿ ಮೈಸೂರಿಗೆ ಬರಲಿಲ್ಲ. ಹೊಸ ಗಾಡಿ ತಯಾರಾದದ್ದು ಮಧ್ಯಪ್ರದೇಶದ ಪೀತಂಪುರದಲ್ಲಿ.

ಇನ್ನು ಆ ಆರ್‌ಸಿ ಬುಕ್ಕಿನ ಮಾತು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹಳೇ ಗಾಡಿಗೆ ಬೇರೆ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಬೈಕು ಕಾರುಗಳನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ಹೊಸದಾಗಿ ಮಾಡಿಸಿದರೆ ನಂಬರಿನಲ್ಲಿ ‘ವಿಎ’ ಅಕ್ಷರ ಬರುತ್ತದೆ. ಶುಲ್ಕ 20,000 ರೂಪಾಯಿ, 10 ವರ್ಷಕ್ಕೆ. ನವೀಕರಣಕ್ಕೆ 5,000. ಮೊದಲೇ ನೋಂದಣಿ ಆಗಿದ್ದರೆ ಹಳೇ ನಂಬರ್ ಉಳಿಸಿಕೊಳ್ಳಬಹುದು. ಹಾಗೆ ಮಾಡಿಸಿದ ಗಾಡಿಯಲ್ಲಿ ದಿನಾ ಹೊಲಕ್ಕೆ ಹೋಗುವಂತಿಲ್ಲ, ಪ್ರದರ್ಶನ, ರ್‍ಯಾಲಿ, ರಿಪೇರಿಗೆ ಮಾತ್ರ. ಮೈಸೂರಿನ ಮೊದಮೊದಲ ಜಾವಾಗಳೆಲ್ಲ ಈಗ 50 ದಾಟಿವೆ. ಕಾಗದ ಸರಿಯಿದ್ದರೆ ಸಂಗ್ರಾಹಕರ ರೇಟು, ಇಲ್ಲದಿದ್ದರೆ ಕಬ್ಬಿಣದ ರೇಟು.

ಬುಕ್ ಕಳೆದಿದ್ದರೆ ಪೊಲೀಸ್ ದೂರು ಕೊಟ್ಟು, ಆರ್‌ಟಿಒ ಕಚೇರಿಯಲ್ಲಿ 26ನೇ ನಮೂನೆಯಲ್ಲಿ ನಕಲಿಗೆ ಅರ್ಜಿ ಹಾಕಬಹುದು. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರ ಹೆಸರಿಗೆ ಮಾಡಿಸಲು 31ನೇ ನಮೂನೆ ಇದೆ. ಅರ್ಜಿ ಹಾಕುವ ಮುನ್ನ ಎಂಜಿನ್ ನಂಬರ್, ಚಾಸಿ ನಂಬರ್ ಎರಡೂ ಕಾಣುವ ಹಾಗೆ ಚೆನ್ನಾಗಿ ಒರೆಸಿ, ಒಂದು ಫೋಟೊ ತೆಗೆದಿಟ್ಟುಕೊಳ್ಳಿ.