ಒಂದು ಚೀಲ ಜೋಳ

ಕಾರ್ನ್‌ವಾಲಿಸನ ಪಾಠ ಮಾಡುವಾಗ ಹುಡುಗಿಯೊಬ್ಬಳು ಕೇಳಿದಳು: "ಟೀಚರ್, ಅರ್ಲ್ ಅಂದ್ರ ಏನ್ರೀ?"

ಇಂಗ್ಲೆಂಡಿನ ವಂಶಪಾರಂಪರ್ಯ ಪದವಿ ಎಂದೆ. ಹಿಂದೆ ಸೀಮೆ ಆಳುವ ಅಧಿಕಾರವಿತ್ತು, ಬರಬರುತ್ತಾ ಬಿರುದಷ್ಟೇ ಉಳಿಯಿತು. ಹೆಚ್ಚಾಗಿ ಹಿರಿಯ ಮಗನಿಗೇ ಹೋಗುತ್ತದೆ. ಅರ್ಲ್ ಎಂಬುದಕ್ಕೆ ಹೆಣ್ಣುರೂಪವೂ ಇಲ್ಲ; ಅವನ ಹೆಂಡತಿ ಕೌಂಟೆಸ್.

"ನಮ್ಮ ಕಡೆ ಇದ್ದಿಲ್ಲೇನ್ರೀ?"

ಇದ್ದರು. ಹನ್ನೆರಡನೆಯ ಶತಮಾನದಲ್ಲಿ ಯಲಬುರ್ಗಾದ ಸಿಂದರು ಕಲ್ಯಾಣದ ಚಾಲುಕ್ಯರಿಗೆ ಮಹಾಮಂಡಲೇಶ್ವರರಾಗಿದ್ದರು. ನಿಜಾಮರ ಕಾಲಕ್ಕೆ ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಾಗೀರಾಯಿತು. ಜಾಗೀರೆಂದರೆ ಕಂದಾಯದ ಹಕ್ಕು. ಅಪ್ಪ ತೀರಿದರೆ ಅದು ಮಗನಿಗೆ ಬರಲು ನಿಜಾಮರ ಒಪ್ಪಿಗೆ ಬೇಕಿತ್ತು.

ನಮ್ಮಜ್ಜಿ ಆ ಜಾಗೀರಿನ ರೈತನ ಮಗಳು. ಕಣದಲ್ಲಿ ರಾಶಿ ಕಂಡು ಹಿಗ್ಗುವ ಮೊದಲೇ ಅವಳಪ್ಪ ಕಂದಾಯದ ಲೆಕ್ಕ ಹಾಕುತ್ತಿದ್ದನಂತೆ. ಒಮ್ಮೆ ಅವಳನ್ನು ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಮ್ಮಿಗೆ ಕರೆದೊಯ್ದಿದ್ದೆ. ಒಂದನೆಯ ಸಾಲಾರ್ ಜಂಗ್ 1876ರಲ್ಲಿ ಇಟಲಿಯಲ್ಲಿ ಕೊಂಡ ಮುಸುಕಿನ ರೆಬೆಕಾ ಅಲ್ಲಿದೆ. ಅಮೃತಶಿಲೆಯ ಮುಸುಕಿನೊಳಗೆ ಮುಖ ಕಾಣುತ್ತದೆ. ಅಜ್ಜಿ ಬಹಳ ಹೊತ್ತು ನೋಡಿದಳು.

"ಚಂದ ಐತಿ. ನಮ್ಮೂರ ಜ್ವಾಳಾನೂ ಒಂದ್ ಚೀಲ ಇದ್ರಾಗ ಇರಬೇಕ ನೋಡವ್ವ" ಅಂದಳು.

1949ರಲ್ಲಿ ಮೂರನೆಯ ಸಾಲಾರ್ ಜಂಗ್ ಮದುವೆಯಿಲ್ಲದೆಯೇ ತೀರಿಕೊಂಡರು. ಅದೇ ಆಗಸ್ಟಿನಲ್ಲಿ ಜಾಗೀರುಗಳು ರದ್ದಾದವು. 1951ರಲ್ಲಿ ಅವರ ಸಂಗ್ರಹ ಮ್ಯೂಸಿಯಮ್ಮಾಯಿತು.

ಜಾಗೀರೇನೋ ಹೋಯಿತು. ಅಜ್ಜಿಯ ಅಪ್ಪನ ಹೊಲ ಮಾತ್ರ ಅಣ್ಣತಮ್ಮಂದಿರ ಪಾಲಾಯಿತು, ಅಜ್ಜಿಗೆ ಬಂದದ್ದು ಒಂದು ಸೀರೆ. ತರಗತಿಯಲ್ಲಿ ಅರ್ಲ್ ಪದವಿ ಹೆಣ್ಣುಮಕ್ಕಳಿಗೆ ಬರುವುದು ಅಪರೂಪ ಎಂದಾಗ ಹುಡುಗಿಯರು ನಕ್ಕರು. ನನಗೆ ನಗು ಬರಲಿಲ್ಲ.