ಹಳೆಯದನ್ನು ಅಳಿಸುವ ಮುನ್ನ

ಕಳೆದ ವರ್ಷ ನನ್ನ ಕಂಪ್ಯೂಟರು ತನ್ನ ಆಪರೇಟಿಂಗ್ ಸಿಸ್ಟಂ, ಎಂದರೆ ಒಳಗಿನ ಆಡಳಿತವನ್ನೆಲ್ಲ ನಡೆಸುವ ತಂತ್ರಾಂಶವನ್ನು ಹೊಸದಾಗಿ ಅಳವಡಿಸಿಕೊಳ್ಳುತ್ತಿದ್ದಾಗ ವಿದ್ಯುತ್ತು ಹೋಯಿತು. ಬರೆದಿಟ್ಟ ಲೇಖನಗಳ ಆಸೆಯನ್ನು ಬಿಟ್ಟು ಕುಳಿತಿದ್ದೆ. ವಿದ್ಯುತ್ತು ಮರಳಿದಾಗ ಯಂತ್ರ ಏನೂ ಆಗದಂತೆ ಹಳೆಯ ರೂಪದಲ್ಲೇ ಎದ್ದಿತು. ಅದು ಬದುಕಿ ಉಳಿದುದು ಹೇಗೆಂದು ಯೋಚಿಸುವಾಗ, ಹಾಗೆ ಉಳಿಯಲಾರದೆ ಹೋದ ಒಂದು ಯಂತ್ರದ ನೆನಪಾಯಿತು.

ಅಮೆರಿಕದ ವೈಕಿಂಗ್-1 ನೌಕೆ 1976ರ ಜುಲೈ 20ರಂದು ಮಂಗಳಗ್ರಹದ ಕ್ರೈಸೆ ಬಯಲಿನಲ್ಲಿ ಇಳಿಯಿತು. 90 ದಿನ ದುಡಿದರೆ ಸಾಕೆಂದು ಕಳುಹಿಸಿದ್ದ ನೌಕೆ ಆರು ವರ್ಷಗಳಿಗೂ ಮಿಗಿಲಾಗಿ ದುಡಿಯಿತು. ಕಾಲಕ್ರಮದಲ್ಲಿ ಅದರ ಬ್ಯಾಟರಿಗಳು ಸೊರಗಿದವು. ಅವುಗಳಿಗೆ ಚೇತರಿಕೆ ತರಲೆಂದು 1982ರ ನವೆಂಬರಿನಲ್ಲಿ ಭೂಮಿಯಿಂದ ಹೊಸ ಆದೇಶಗಳು ಹೋದವು. ಅವು ಯಂತ್ರದ ಸ್ಮೃತಿಯಲ್ಲಿ ಹೋಗಿ ಕುಳಿತದ್ದು ಆಂಟೆನಾಕ್ಕೆ ಭೂಮಿಯ ದಿಕ್ಕು ತೋರಿಸುವ ಮಾಹಿತಿಯಿದ್ದ ಜಾಗದಲ್ಲಿ. ಆ ಮಾಹಿತಿ ಅಳಿಸಿಹೋಯಿತು. ಮುಂದೆ ತಿಂಗಳುಗಟ್ಟಲೆ ಕರೆದರೂ ನೌಕೆ ಓಗೊಡಲಿಲ್ಲ. ತಪ್ಪನ್ನು ತಿದ್ದುವ ಮಾತು ಯಾವ ದಾರಿಯಿಂದ ಹೋಗಬೇಕಿತ್ತೋ ಆ ದಾರಿಯನ್ನೇ ತಪ್ಪು ಮುಚ್ಚಿಬಿಟ್ಟಿತ್ತು.

ಇದು ದೂರದ ಗ್ರಹದ ಕಥೆಯೆಂದು ಸುಮ್ಮನಿರುವಂತಿಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಭದ್ರತಾ ತಂತ್ರಾಂಶಕ್ಕೆ ಬಂದ ದೋಷಪೂರ್ಣ ಕಡತವೊಂದು ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಕೆಡವಿತು. ವಿಮಾನಗಳು ನಿಂತವು, ಆಸ್ಪತ್ರೆಗಳು ಪರದಾಡಿದವು. 78 ನಿಮಿಷಗಳಲ್ಲೇ ಆ ಕಡತವನ್ನು ಹಿಂತೆಗೆದುಕೊಂಡದ್ದು ನಿಜ. ಆದರೆ ಏಳಲಾರದ ಯಂತ್ರ ತಿದ್ದುಪಡಿಯನ್ನು ಸ್ವೀಕರಿಸುವುದು ಹೇಗೆ? ಸಾವಿರಾರು ಕಡೆ ಮನುಷ್ಯರೇ ಒಂದೊಂದು ಯಂತ್ರದ ಮುಂದೆ ಕುಳಿತು ಆ ಕಡತವನ್ನು ಕೈಯಾರೆ ಅಳಿಸಬೇಕಾಯಿತು.

ಈ ಸಂಕಟಕ್ಕೆ ಒಂದು ಪರಿಹಾರವುಂಟು, ಅದು ತೀರ ಸರಳ. 2016ರ ಆಂಡ್ರಾಯ್ಡ್ 7ರಿಂದ ಅನೇಕ ಫೋನುಗಳು ಈ ಕ್ರಮವನ್ನು ಅನುಸರಿಸುತ್ತಿವೆ: ಆಪರೇಟಿಂಗ್ ಸಿಸ್ಟಂಗೆ ಅಕ್ಕಪಕ್ಕದಲ್ಲಿ ಎರಡು ಮನೆ. ಹಳೆಯದು ಒಂದರಲ್ಲಿ ಸಂಸಾರ ನಡೆಸುತ್ತಿರುವಾಗಲೇ ಹೊಸದನ್ನು ಇನ್ನೊಂದರಲ್ಲಿ ತಂದಿಡುತ್ತಾರೆ. ಹೊಸದು ತಾನಾಗಿ ಎದ್ದು ನಿಂತರೆ ಯಜಮಾನಿಕೆ ಅದಕ್ಕೆ. ಕೆಲವು ಬಾರಿ ಯತ್ನಿಸಿಯೂ ಏಳದಿದ್ದರೆ ಹಳೆಯದೇ ಮತ್ತೆ ಕೆಲಸಕ್ಕೆ ಬರುತ್ತದೆ. ಇದಕ್ಕೆ ತೆರುವ ಬೆಲೆ ಒಂದಿಷ್ಟು ಜಾಗ, ಅಷ್ಟೆ.

ಹಿಂದಿನವರಿಗೆ ಈ ಜಾಗವೇ ದುರ್ಲಭವಾಗಿತ್ತು. ವೈಕಿಂಗಿನ ಸ್ಮೃತಿಯೂ ಅತ್ಯಲ್ಪ. ಅವರನ್ನು ದೂರುವುದು ನ್ಯಾಯವಲ್ಲ. ಜಾಗ ಧಾರಾಳವಾಗಿರುವ ನಮಗೆ ಮಾತ್ರ ಆ ನೆಪವಿಲ್ಲ. ನನ್ನ ಯಂತ್ರ ಅಂದು ಉಳಿದದ್ದು, ಹೊಸದು ಸೋಲಬಹುದೆಂದು ಮೊದಲೇ ಒಪ್ಪಿಕೊಂಡ ಯಾರೋ ಹಳೆಯದಕ್ಕೊಂದು ಮೂಲೆಯನ್ನು ಕಾದಿರಿಸಿದ್ದರಿಂದ. ವೈಕಿಂಗ್ ಮಾತ್ರ ಇಂದಿಗೂ ಕ್ರೈಸೆ ಬಯಲಿನಲ್ಲಿ ಮೌನವಾಗಿ ನಿಂತಿದೆ.